ಅರ್ಧ ಮಾರ್ಕಿನ ಮೋಹ

ಎಂಟನೇ ತರಗತಿಯ ಮಕ್ಕಳು ಪ್ರತಿ ವರ್ಷ ತಪ್ಪದೆ ನನಗೆ ಒಂದೇ ತಪ್ಪನ್ನು ಬರೆದುಕೊಡುತ್ತಾರೆ. ಭೂಮಿಯ ಮೇಲಿನ ಗಟ್ಟಿ ಪದರಕ್ಕೆ ಭೂಕವಚ ಎನ್ನುತ್ತಾರೆ, ಅದರ ಕೆಳಗಿನದು ಮ್ಯಾಂಟಲ್, ಇವೆರಡರ ನಡುವಿನ ಗಡಿಯ ಹೆಸರು ಮೋಹೋ. ಯಾವುದೋ ದೇಶದ ವಿಜ್ಞಾನಿಯೊಬ್ಬನ ಬಾಯಿ ತಿರುಗದ ಹೆಸರನ್ನು ತುಂಡರಿಸಿ ಮಾಡಿದ ಪದ ಅದು. ಕೊನೆಯಲ್ಲಿ ದೀರ್ಘ. ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಆ ದೀರ್ಘದ ಕೆಳಗೆ ಗೆರೆ ಎಳೆದು, ಇಡೀ ಕ್ಲಾಸಿನಿಂದ ಕೂಗಿಸಿ ಬರುತ್ತೇನೆ. ಪರೀಕ್ಷೆಯಲ್ಲಿ ಅರ್ಧಕ್ಕರ್ಧ ಮಕ್ಕಳು "ಭೂಕವಚ ಮತ್ತು ಮ್ಯಾಂಟಲ್ ನಡುವೆ ಮೋಹ ಇರುತ್ತದೆ" ಎಂದು ಬರೆದಿಟ್ಟಿರುತ್ತಾರೆ. ಒಬ್ಬ ಮಹಾನುಭಾವ "ಮೋಹ ಬಂದ ಕೂಡಲೇ ಭೂಕಂಪದ ಅಲೆಗಳ ವೇಗ ಹೆಚ್ಚಾಗುತ್ತದೆ" ಎಂದು ಬರೆದಿದ್ದ. ಆ ದೀರ್ಘ ಒಂದು ಬಿಟ್ಟರೆ ಉತ್ತರ ಪೂರ್ತಿ ಸರಿಯಾಗಿಯೇ ಇತ್ತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎನ್ನುವುದು ಬನಶಂಕರಿಯ ನಮ್ಮ ಶಾಲೆಯಲ್ಲಿ ಜವಾನನಿಂದ ಹಿಡಿದು ಹೆಡ್‌ಮಿಸ್‌ವರೆಗೆ ಎಲ್ಲರಿಗೂ ಗೊತ್ತು. ಮೋಹ ಎಂದು ಬರೆದವರಿಗೆ ಕೆಂಪು ಪೆನ್ನಿನಲ್ಲಿ ಅರ್ಧ ಮಾರ್ಕು ಕತ್ತರಿಸುತ್ತಿದ್ದೆ. ಉತ್ತರಪತ್ರಿಕೆಗಳನ್ನು ಮನೆಗೆ ತಂದು, ಅಡುಗೆಮನೆಯ ಹೊಸ್ತಿಲ ಪಕ್ಕ ಕುಳಿತು, ಒಳಗಿದ್ದ ಅಕ್ಕನಿಗೆ ಕೇಳುವಂತೆ ಜೋರಾಗಿ ಓದಿ ಓದಿ ಬೈಯುತ್ತಿದ್ದೆ. ನಮ್ಮಿಬ್ಬರ ಜಗಳ ಶುರುವಾಗುತ್ತಿದ್ದದ್ದೇ ಅಲ್ಲಿಂದ.

ಅಕ್ಕ ನನಗಿಂತ ತುಂಬಾ ದೊಡ್ಡವಳು. ಭಾವ ತೀರಿಕೊಂಡ ಮೇಲೆ ಶ್ರೀನಗರದ ಮನೆಗೆ ಬಂದು ನನ್ನ ಜೊತೆಗಿದ್ದಳು. ನಾನಂತೂ ಮದುವೆಯ ತಂಟೆಗೇ ಹೋದವಳಲ್ಲ. ಅವಳು ಮನೆಯಲ್ಲೇ ಒಬ್ಬಟ್ಟು ಮಾಡಿ ಮಾರುತ್ತಿದ್ದಳು. ಹನುಮಂತನಗರ, ಬಸವನಗುಡಿಯಿಂದೆಲ್ಲ ಜನ ಹಬ್ಬಕ್ಕೆ ಮುಂಚೆಯೇ ಬಂದು ಹೇಳಿ ಹೋಗುತ್ತಿದ್ದರು. ಕೈಯೆಲ್ಲ ಎಣ್ಣೆ, ಕಿವಿ ಮಾತ್ರ ನನ್ನ ಕಡೆ.

"ಮಕ್ಕಳು ಸರಿಯಾಗೇ ಬರ್ದಿದಾವೆ ಕಣೆ. ಎರಡರ ನಡುವೆ ಅಂಟಿಕೊಂಡಿರೋದು ಮೋಹ ಅಲ್ದೆ ಇನ್ನೇನು?"

"ಅಕ್ಕ, ಇದು ಪುರಾಣ ಅಲ್ಲ, ವಿಜ್ಞಾನ."

"ಒಂದು ದೀರ್ಘಕ್ಕೆ ಅರ್ಧ ಮಾರ್ಕು ಕತ್ತರಿಸ್ತೀಯಲ್ಲ, ರಾಕ್ಷಸಿ! ಕೊಡೇ, ನಿನ್ನ ಗಂಟೇನು ಹೋಗುತ್ತೆ?"

ಕೊಡುವುದಿಲ್ಲ ಎಂದು ಹಟ ಹಿಡಿಯುತ್ತಿದ್ದೆ. ಅವಳು ಬೈಯುತ್ತಿದ್ದಳು. ಕೊನೆಗೆ ಬಿಸಿ ಒಬ್ಬಟ್ಟೊಂದನ್ನು ತಟ್ಟೆಗೆ ಹಾಕಿ, ತುಪ್ಪ ಸುರಿದು, ನನ್ನ ಮುಂದೆ ಕುಕ್ಕಿ ಹೋಗುತ್ತಿದ್ದಳು. ನಾನು ಕತ್ತರಿಸಿದ ಅರ್ಧ ಮಾರ್ಕುಗಳನ್ನೆಲ್ಲ ತಿದ್ದಿ ವಾಪಸ್ ಕೊಡುತ್ತಿದ್ದೆ. ಎಷ್ಟೋ ವರ್ಷ ಹೀಗೇ ನಡೆಯಿತು. ಆ ಮಕ್ಕಳಿಗೆ ಈಗಲೂ ಗೊತ್ತಿಲ್ಲ, ಅವರ ಅರ್ಧ ಮಾರ್ಕು ಅಕ್ಕ ಕೊಡಿಸಿದ್ದು ಅಂತ.

ಈ ಪಾಠಕ್ಕೆ ಅವಳದೇ ಇನ್ನೊಂದು ಕಾಣಿಕೆಯೂ ಇತ್ತು. ಬೇರೆ ಶಾಲೆಗಳಲ್ಲಿ ಬೇಯಿಸಿದ ಮೊಟ್ಟೆ ಕೊಯ್ದು ತೋರಿಸುತ್ತಾರಂತೆ, ಚಿಪ್ಪು, ಬಿಳಿ, ಹಳದಿ ಅಂತ. ನಮ್ಮ ಮನೆಯೊಳಕ್ಕೆ ಮೊಟ್ಟೆ ಬರುವ ಮಾತೇ ಇಲ್ಲ. ಪಾಪ ಈ ಮಾಸ್ತರಿಣಿ ಏನು ಮಾಡುತ್ತಾಳೆ ಅಂತ, ಅಕ್ಕ ಒಂದು ವರ್ಷ ಚೆಂಡಿನ ಹಾಗೆ ಗುಂಡಗಿನ ಕಡುಬು ಮಾಡಿಕೊಟ್ಟಳು, ಆಮೇಲೆ ಪ್ರತಿ ವರ್ಷ ಅದೇ ರೂಢಿಯಾಯಿತು. ಹೊರಗೆ ಅಕ್ಕಿಹಿಟ್ಟಿನ ತೆಳು ಕಣಕ, ಅದೇ ಭೂಕವಚ. ಒಳಗೆ ಕಡಲೆಬೇಳೆಯ ಹೂರಣ, ಅದು ಮ್ಯಾಂಟಲ್. ನಟ್ಟನಡುವೆ ಒಂದು ಗೋಡಂಬಿ, ಕೇಂದ್ರಗೋಳ. ಚಾಕು ಹಾಕಿದರೆ ಹೂರಣ ಮೆತ್ತಿಕೊಂಡು ಗಡಿಯೆಲ್ಲ ಕಲಸಿಹೋಗುತ್ತಿತ್ತು. ನೂಲನ್ನು ಸುತ್ತ ಹಾಕಿ ಎರಡೂ ತುದಿ ಎಳೆದರೆ ಕಡುಬು ಅಚ್ಚುಕಟ್ಟಾಗಿ ಎರಡು ಹೋಳಾಗುತ್ತಿತ್ತು. ಬಿಳಿ ಎಲ್ಲಿ ಮುಗಿಯಿತು, ಹಳದಿ ಎಲ್ಲಿ ಶುರುವಾಯಿತು ಅಂತ ಕೊನೆಯ ಬೆಂಚಿನವರಿಗೂ ಕಾಣುತ್ತಿತ್ತು. ಆಮೇಲೆ ಇಡೀ ಕ್ಲಾಸು ಭೂಮಂಡಲವನ್ನು ತಿಂದು ಮುಗಿಸುತ್ತಿತ್ತು. ಏಳನೇ ತರಗತಿಯವರು ಬಾಗಿಲಲ್ಲಿ ಇಣುಕಿ, "ಮಿಸ್, ನಮಗೆ ಯಾವಾಗ?" ಅಂತ ಕೇಳುತ್ತಿದ್ದರು.

ಯಾವ ವರ್ಷವೂ ತಪ್ಪದೆ ಬರುವ ಪ್ರಶ್ನೆ ಇನ್ನೊಂದಿದೆ. "ಮಿಸ್, ಒಳಗೆ ಯಾರೂ ಹೋಗಿಲ್ಲ ಅಂದ್ಮೇಲೆ ಗಡಿ ಇದೆ ಅಂತ ಹೆಂಗೆ ಗೊತ್ತಾಯ್ತು?" ಒಳ್ಳೆಯ ಪ್ರಶ್ನೆ. ಮನುಷ್ಯ ಕೊರೆದ ಅತ್ಯಂತ ಆಳದ ತೂತು ಕೂಡ ಮೋಹೋ ಮುಟ್ಟಿಲ್ಲ. ಭೂಕಂಪವಾದಾಗ ಅಲೆಗಳು ಒಳಕ್ಕೆ ಹೋಗುತ್ತವೆ. ಪದರ ಬದಲಾದ ಕಡೆ ಬಾಗುತ್ತವೆ, ಕೆಲವು ತಿರುಗಿ ಬರುತ್ತವೆ, ಕೆಲವು ಜಾತಿಯ ಅಲೆಗಳು ಅಲ್ಲಿಗೇ ನಿಂತುಹೋಗುತ್ತವೆ. ಹಾಗೆ ಬಂದದ್ದನ್ನೂ ಬಾರದೇ ಹೋದದ್ದನ್ನೂ ನೋಡಿ, ಇಂಥ ಕಡೆ ಗಡಿ ಇದೆ ಅಂತ ಹೇಳುವುದು. ಈ ಉತ್ತರವನ್ನು ನಾನು ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳಬಲ್ಲೆ.

ಇನ್ನು ಗ್ಯಾಸ್ಟ್ರಿಕ್ಕಿನ ವಿಷಯ. ನಮ್ಮ ಕಡೆ ಹೊಟ್ಟೆಗೆ ಇರುವುದು ಒಂದೇ ಕಾಯಿಲೆ. ಎದೆ ಉರಿದರೆ ಗ್ಯಾಸ್ಟ್ರಿಕ್, ಬೆನ್ನು ಹಿಡಿದರೆ ಗ್ಯಾಸ್ಟ್ರಿಕ್, ತಲೆ ಸುತ್ತಿದರೂ ಗ್ಯಾಸ್ಟ್ರಿಕ್. ಪಕ್ಕದ ಬೀದಿಯ ಅಂಕಲ್ ಒಬ್ಬರು ಹೃದಯ ನಿಂತು ಸತ್ತಾಗ, "ಗ್ಯಾಸ್ಟ್ರಿಕ್ ಮೇಲಕ್ಕೆ ಏರಿಬಿಡ್ತಂತೆ" ಅಂತ ಅವರ ಮನೆಯವರೇ ಹೇಳಿದ್ದನ್ನು ಈ ಕಿವಿಯಿಂದ ಕೇಳಿದ್ದೇನೆ. ಅಕ್ಕನಿಗೆ ಊಟ ಸೇರುವುದಿಲ್ಲ ಅಂತ ಶುರುವಾದಾಗಲೂ ಅದೇ ಆಯಿತು. ಎರಡು ತುತ್ತಿಗೇ ಹೊಟ್ಟೆ ತುಂಬಿತು ಅನ್ನುತ್ತಿದ್ದಳು. ಬೀದಿಯ ಹೆಂಗಸರು ಓಮದ ನೀರು ಕುಡಿ ಅಂದರು, ಜೀರಿಗೆ ಅಗಿ ಅಂದರು. ಮೆಡಿಕಲ್ ಶಾಪಿನವನು ಗುಲಾಬಿ ಬಣ್ಣದ ಔಷಧಿಯ ಬಾಟಲಿ ಕೊಟ್ಟ. ಚಿಕ್ಕಲಸಂದ್ರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮಣ್ಣ, ಅಕ್ಕನಿಗೆ ತಮ್ಮ, ಭಾನುವಾರ ಬಂದವನು, "ಎಣ್ಣೆ ಹೊಗೆ ಕುಡೀತಾ ಕೂತ್ರೆ ಗ್ಯಾಸ್ಟ್ರಿಕ್ ಆಗ್ದೆ ಇನ್ನೇನಾಗುತ್ತೆ, ಬಿಡಕ್ಕ ಈ ಕೆಲಸ" ಅಂದು ಒಬ್ಬಟ್ಟು ಕಟ್ಟಿಸಿಕೊಂಡು ಹೋದ. ಅಕ್ಕನ ರವಿಕೆಗಳ ಹೊಲಿಗೆಯನ್ನು ಒಳಕ್ಕೆ ಹಿಡಿದೂ ಹಿಡಿದೂ ಬಗಲಿನಲ್ಲಿ ಬಟ್ಟೆ ದಪ್ಪಗಾಗಿತ್ತು. ಥೂ, ಆ ಪದವನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ.

ಒಂದು ದಿನ ಅವಳು ಹೂರಣದ ರುಚಿ ನೋಡಲು ನನ್ನನ್ನು ಕರೆದಳು. ಇಷ್ಟು ವರ್ಷದಲ್ಲಿ ಎಂದೂ ಕರೆದವಳಲ್ಲ. "ಬೆಲ್ಲ ಸಾಕಾ ನೋಡೇ, ನಂಗೆ ಬಾಯಿಗಿಟ್ರೆ ವಾಂತಿ ಬರೋ ಹಂಗಾಗುತ್ತೆ" ಅಂದಳು. ಮಾರನೆಯ ದಿನ ಶಾಲೆಗೆ ರಜೆ ಹಾಕಿ ಜಯನಗರದ ಕಡೆಯ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಾಯಿಂದ ಟ್ಯೂಬು ಇಳಿಸಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಂತ ಗೊತ್ತಾಯಿತು. ಅಷ್ಟು ಹೊತ್ತಿಗೆ ಜೂನ್ ಮುಗಿಯುತ್ತಾ ಬಂದಿತ್ತು, ಶಾಲೆಯಲ್ಲಿ ಭೂಮಿಯ ಅಂತರಾಳದ ಪಾಠ ಶುರುವಾಗಬೇಕಿತ್ತು.

ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನನ್ನನ್ನು ಕೂರಿಸಿಕೊಂಡು, ಒಂದು ಹಾಳೆಯ ಮೇಲೆ ಒಂದರೊಳಗೊಂದು ವೃತ್ತ ಬರೆಯತೊಡಗಿದರು. ನಾನು ಬೋರ್ಡಿನ ಮೇಲೆ ಬರೆಯುವ ಚಿತ್ರವೇ ಅದು.

"ಮೇಡಂ, ಹೊಟ್ಟೆ ಗೋಡೆ ಒಂದೇ ಲೇಯರ್ ಅಲ್ಲ. ಒಳಗೆ ಲೈನಿಂಗ್, ಆಮೇಲೆ ಮಸಲ್, ಎಲ್ಲಕ್ಕಿಂತ ಹೊರಗಡೆ ತೆಳ್ಳಗೆ ಒಂದು ಕವರ್ ಥರ. ಗಡ್ಡೆ ಶುರುವಾಗೋದು ಒಳಗಡೆಯಿಂದ. ಈ ಹೊರಗಿನ ಲೇಯರ್ ದಾಟದೇ ಇದ್ರೆ ಆಪರೇಷನ್ ಮಾಡಿ ತೆಗೀಬಹುದು. ದಾಟಿ ಆಚೆ ಹೋಗಿದ್ರೆ ಕಷ್ಟ ಆಗುತ್ತೆ."

"ದಾಟಿದೆಯೋ ಇಲ್ವೋ ಅಂತ ಹೇಗೆ ಗೊತ್ತಾಗುತ್ತೆ ಡಾಕ್ಟ್ರೆ?"

"ಟ್ಯೂಬಿನ ತುದಿಯಿಂದ ಸೌಂಡ್ ವೇವ್ಸ್ ಬಿಡ್ತೀವಿ. ಒಂದೊಂದು ಲೇಯರಿಂದ ಒಂದೊಂದು ಥರ ವಾಪಸ್ ಬರುತ್ತೆ. ಅದರಿಂದ ಗಡಿ ಎಲ್ಲಿದೆ ಅಂತ ಕಾಣುತ್ತೆ. ಲಿವರ್‌ಗೆ ಬೇರೆ ಸ್ಕ್ಯಾನ್ ಮಾಡ್ತೀವಿ."

"ಗೊತ್ತು. ನಾನು ಇದೇ ಪಾಠ ಮಾಡೋದು."

"ಓ, ಬಯಾಲಜಿ ಟೀಚರಾ ನೀವು?"

"ಅಲ್ಲ. ಭೂಗೋಳ."

ಆಕೆಗೆ ಅರ್ಥವಾಗಲಿಲ್ಲ. ಸುಮ್ಮನೆ ತಲೆಯಾಡಿಸಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕ, ನಾನು ಬಂದ ಕೂಡಲೇ ಎಲ್ಲವನ್ನೂ ಹೇಳಿಸಿಕೊಂಡಳು.

"ಅಂದ್ರೆ ಆ ನಿನ್ನ ಮೋಹ ದಾಟಿದೆಯಾ ಇಲ್ವಾ ಅಂತ ನೋಡ್ಬೇಕು."

"ಹೂಂ."

"ನಂಗೊಂದು ಮಾತು ಕೊಡು. ದಾಟಿದ್ರೆ ದಾಟಿದೆ ಅಂತ್ಲೇ ಹೇಳ್ಬೇಕು. ಇಷ್ಟು ದಿನ ಗ್ಯಾಸ್ಟ್ರಿಕ್ ಅನ್ನಿಸ್ಕೊಂಡಿದ್ದು ಸಾಕು. ಶ್ರಾವಣ ಬರ್ತಿದೆ, ಜನ ಆರ್ಡರ್ ಕೊಡೋಕೆ ಬರ್ತಾರೆ. ಒಪ್ಕೋಬೇಕಾ ಬೇಡ್ವಾ ಅಂತ ನಂಗೆ ಗೊತ್ತಾಗ್ಬೇಡ್ವಾ?"

ನಾನು ಮಾತು ಕೊಟ್ಟೆ. ಶಿವನೇ, ಕೊಡುವಾಗ ಒಳಗೊಳಗೇ ದಾಟಿರುವುದಿಲ್ಲ ಎಂದು ನಂಬಿಕೊಂಡಿದ್ದೆ.

ಸ್ಕ್ಯಾನುಗಳೆಲ್ಲ ಮುಗಿದ ದಿನ ಡಾಕ್ಟರು ಅಣ್ಣನನ್ನೂ ನನ್ನನ್ನೂ ಒಳಗೆ ಕರೆದರು. ಅಕ್ಕ ಇಂಜೆಕ್ಷನ್ನಿನ ಮಂಪರಿನಲ್ಲಿ ಬೇರೆ ಕೋಣೆಯಲ್ಲಿ ಮಲಗಿದ್ದಳು. ಡಾಕ್ಟರು ಈ ಸಲ ಚಿತ್ರ ಬರೆಯಲಿಲ್ಲ. ಹೊರಗಿನ ಪದರ ದಾಟಿದೆ, ಲಿವರ್‌ನಲ್ಲೂ ಕಾಣಿಸಿಕೊಂಡಿದೆ, ಆಪರೇಷನ್ನಿನಿಂದ ಪ್ರಯೋಜನವಿಲ್ಲ, ಕೀಮೋ ಕೊಟ್ಟರೆ ಕೆಲವು ತಿಂಗಳು ತಡೆಹಿಡಿಯಬಹುದು ಅಂದರು. "ಸಾರಿ ಮೇಡಂ" ಅಂದರು. ನಾನು ಅವರ ಮೇಜಿನ ಮೇಲಿದ್ದ ಸ್ಯಾನಿಟೈಸರ್ ಬಾಟಲಿಯನ್ನೇ ನೋಡುತ್ತಿದ್ದೆ.

ಹೊರಗೆ ಬಂದ ಕೂಡಲೇ ಅಣ್ಣ ನನ್ನ ಕೈ ಹಿಡಿದ.

"ಅಕ್ಕಂಗೆ ಹೇಳ್ಬೇಡ ಕಣಮ್ಮ. ಅಲ್ಸರ್ ಅಂತೆ, ಮಾತ್ರೇಲಿ ವಾಸಿ ಆಗುತ್ತಂತೆ ಅಂತ ಹೇಳೋಣ. ಚೂರು ಪರೀಕ್ಷೆ ತಪ್ಪಾಗಿತ್ತು ಅಂದ್ರಾಯ್ತು."

"ಅವಳೇನು ಚಿಕ್ಕ ಮಗೂನಾ ಅಣ್ಣ?"

"ಗೊತ್ತಾದ್ರೆ ಅದೇ ಕೊರಗಲ್ಲಿ ಹೋಗ್ಬಿಡ್ತಾಳೆ. ಗ್ಯಾಸ್ಟ್ರಿಕ್ ಅಲ್ಸರ್ ಅಂದ್ರೆ ಪೂರ್ತಿ ಸುಳ್ಳೂ ಆಗಲ್ಲ."

"ಇನ್ನೊಂದ್ಸಲ ಆ ಪದ ಎತ್ತಿದ್ರೆ ನೋಡು!" ಎಂದು ಕಿರುಚಿಬಿಟ್ಟೆ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿದರು. ಅಣ್ಣ ಗೋಡೆಗೆ ಹಣೆ ಆನಿಸಿ ಅತ್ತ. ಸಣ್ಣವನಿದ್ದಾಗ ಅವನನ್ನು ಸೊಂಟದ ಮೇಲೆ ಎತ್ತಿಕೊಂಡು ಬೆಳೆಸಿದವಳು ಅಕ್ಕ. ಅವನ ಅಂಗಿಯ ಬೆನ್ನು ಬೆವರಿನಿಂದ ಅಂಟಿಕೊಂಡಿತ್ತು. ನನಗೆ ಅವನನ್ನು ಸಮಾಧಾನ ಮಾಡಬೇಕು ಅನ್ನಿಸಿತು, ಆದರೆ ಕೋಪ ಬಿಡಲಿಲ್ಲ.

ಆಟೋದಲ್ಲಿ ಅಕ್ಕ ನನ್ನ ಹೆಗಲ ಮೇಲೆ ತೂಕಡಿಸುತ್ತಾ ಬಂದಳು. ಮನೆಗೆ ಬಂದು ಮಲಗಿಬಿಟ್ಟಳು.

ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅಡುಗೆಮನೆಯಲ್ಲಿ ಹಬೆಯ ವಾಸನೆ. ಅಕ್ಕ ಎದ್ದು ಗುಂಡು ಕಡುಬು ಬೇಯಿಸಿ ಇಳಿಸಿದ್ದಳು. ಆ ದಿನ ನನಗೆ ಅದೇ ಪಾಠ ಇದೆ ಅಂತ ಹಿಂದಿನ ವಾರವೇ ಅವಳಿಗೆ ಹೇಳಿದ್ದೆ. ಎಲ್ಲ ಕಡುಬನ್ನೂ ಡಬ್ಬಿಗೆ ತುಂಬಿ, ಒಂದನ್ನು ಮಾತ್ರ ತಟ್ಟೆಯಲ್ಲಿಟ್ಟು, ಪಕ್ಕದಲ್ಲಿ ಒಂದು ನೂಲಿನ ಎಳೆ ಇಟ್ಟಿದ್ದಳು. ಹಣೆಯ ಮೇಲೆ ವಿಭೂತಿ ಆಗಷ್ಟೇ ಹಚ್ಚಿಕೊಂಡಿದ್ದು ಇನ್ನೂ ಒದ್ದೆಯಾಗಿತ್ತು.

"ಬಾ, ಕೂತ್ಕೊ. ಡಾಕ್ಟ್ರು ಏನಂದ್ರು ಅಂತ ಬಾಯಲ್ಲಿ ಹೇಳ್ಬೇಡ. ನಿಂಗೂ ಕಷ್ಟ, ನಂಗೂ ಕಷ್ಟ. ಇದರಲ್ಲಿ ತೋರ್ಸು."

ನೂಲು ಸುತ್ತಿ ಎಳೆದೆ. ಕಡುಬು ಎರಡು ಹೋಳಾಗಿ ಬಿದ್ದುಕೊಂಡಿತು. ಬಿಸಿ ಇನ್ನೂ ಆರಿರಲಿಲ್ಲ. ಅಕ್ಕ ಒಂದು ಹೋಳನ್ನು ನನ್ನ ಕಡೆ ತಿರುಗಿಸಿದಳು. ಎಷ್ಟು ಕ್ಲಾಸುಗಳ ಮುಂದೆ ಇದೇ ಹೋಳನ್ನು ಎತ್ತಿ ಹಿಡಿದು ಗಂಟಲು ಹರಿದುಕೊಂಡಿದ್ದೇನೆ! ಗೋಡಂಬಿಯ ಮೇಲೆ ಬೆರಳಿಟ್ಟೆ. ಹೂರಣದ ಮೇಲೆ ನಿಧಾನವಾಗಿ ಹೊರಕ್ಕೆ ಎಳೆದೆ. ಹಳದಿ ಮುಗಿದು ಬಿಳಿ ಶುರುವಾಗುವ ಕಡೆ ಬೆರಳು ನಿಂತುಹೋಯಿತು. ಅಲ್ಲಿಗೇ ನಿಲ್ಲಿಸಿಬಿಡೋಣ ಅನ್ನಿಸಿತು. ಅಲ್ಲಿ ನಿಲ್ಲಿಸಿದ್ದರೆ ಅವಳು ನಂಬುತ್ತಿದ್ದಳು.

ಅಕ್ಕ ನನ್ನ ಮುಖ ನೋಡುತ್ತಿದ್ದಳು. "ಅಷ್ಟೇನಾ? ಮುಂದಕ್ಕೆ ಹೋಗಿಲ್ವಾ?"

ಬೆರಳು ಕಣಕವನ್ನು ಸೀಳಿಕೊಂಡು ತಟ್ಟೆಯ ಮೇಲಕ್ಕೆ ಬಂತು. ಹೂರಣವೂ ಹಿಂದೆಯೇ ಬಂದು ಸ್ಟೀಲಿನ ಮೇಲೆ ಮೆತ್ತಿಕೊಂಡಿತು.

"ತಟ್ಟೆಗೇ ಬಂದ್ಬಿಡ್ತಾ" ಅಂದಳು. ಆಮೇಲೆ ಸೆರಗಿನಿಂದ ನನ್ನ ಬೆರಳು ಒರೆಸಿದಳು. ನಾನು ಅವಳ ಮಡಿಲಿಗೆ ಬಿದ್ದು ಅತ್ತೆ. ಅಯ್ಯೋ, ಅವಳ ತೊಡೆಯಲ್ಲಿ ಮೂಳೆ ಬಿಟ್ಟು ಏನೂ ಉಳಿದಿರಲಿಲ್ಲ.

"ಅಳ್ಬೇಡ ಕಣೆ. ಹೇಳಿದ್ಯಲ್ಲ, ಅಷ್ಟು ಸಾಕು. ಎಲ್ರೂ ಸುಳ್ಳು ಹೇಳ್ತಾ ಕೂತ್ರೆ ನಾನು ಯಾರ ಮುಖ ನೋಡ್ಲಿ? ಏಳು, ಬಸ್ಸು ತಪ್ಪಿಹೋಗುತ್ತೆ. ಡಬ್ಬಿ ಬಿಸಿ ಇದೆ, ಬಟ್ಟೆ ಹಾಕಿ ಹಿಡ್ಕೊ."

ಹೋದೆ. ಪಾಠ ಮಾಡಿದೆ. ಮಕ್ಕಳು ಎಂದಿನಂತೆ ಕಿರುಚಾಡಿಕೊಂಡು ಕಡುಬು ತಿಂದವು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, "ಮಿಸ್, ಒಳಗಡೆ ಇರೋದು ಗಡಿ ದಾಟಿ ಆಚೆ ಬಂದ್ರೆ?" ಅಂತ ಕೇಳಿದಳು. ಹಿಂದಿನಿಂದ ಯಾರೋ "ಜ್ವಾಲಾಮುಖಿ!" ಎಂದು ಕೂಗಿದರು. ಹೌದು, ಸರಿ ಅಂದೆ. ಬೆಲ್ಲು ಹೊಡೆಯಿತು.

ಅಕ್ಕ ಕೀಮೋಗೆ ಒಮ್ಮೆ ಹೋಗಿ ಬಂದಳು. ಆಮೇಲೆ ಖಂಡಿತ ಬೇಡ ಅಂದಳು. ಶ್ರಾವಣದ ಆರ್ಡರ್ ಕೊಡಲು ಬಂದವರಿಗೆ ಗೇಟಿನ ಹತ್ತಿರವೇ, "ಈ ಸಲ ಇಲ್ಲಮ್ಮ, ಮುಂದಿನ ಸಲಾನೂ ಇಲ್ಲ" ಅನ್ನುತ್ತಿದ್ದಳು. "ಯಾಕಕ್ಕ, ಗ್ಯಾಸ್ಟ್ರಿಕ್ಕಾ?" ಅಂತ ಕೇಳಿದರೆ, "ಅಲ್ಲ, ಕ್ಯಾನ್ಸರ್" ಎಂದು ಹೇಳಿ ಅವರ ಮುಖ ಏನಾಗುತ್ತದೆ ಅಂತ ನಿಂತು ನೋಡುತ್ತಿದ್ದಳು. ಒಳಗೆ ಬಂದು ನನಗೆ ಅಣಕಿಸಿ ತೋರಿಸುತ್ತಿದ್ದಳು. ನಾವಿಬ್ಬರೂ ನಗುತ್ತಿದ್ದೆವು. ಒಬ್ಬಟ್ಟಿನ ದೊಡ್ಡ ಕಾವಲಿಯನ್ನು ಪಕ್ಕದ ಬೀದಿಯ ಹೆಂಗಸೊಬ್ಬಳಿಗೆ ಕೊಟ್ಟಳು, ಕಣಕ ಎಷ್ಟು ಹೊತ್ತು ನೆನೆಸಬೇಕು ಅಂತ ಹೇಳಿಕೊಟ್ಟಳು. ನನಗೆ ಹೇಳಿಕೊಡಲಿಲ್ಲ. "ನಿಂಗೆ ತಾಳ್ಮೆ ಇಲ್ಲ, ಹೂರಣ ಎಲ್ಲ ಆಚೆ ಬರುತ್ತೆ" ಅಂದಳು. ಸತ್ಯ ತಿಳಿದು ಅವಳು ಸುಖವಾಗಿ ಹೋದಳು ಅಂತ ನಾನೇನೂ ಹೇಳುವುದಿಲ್ಲ. ನೋವು ಬಂದಾಗ ಮಂಚದ ಕಂಬಿ ಹಿಡಿದುಕೊಂಡು ಊಳಿಡುತ್ತಿದ್ದಳು. ಮಾತ್ರೆ, ಮೈಗೆ ಅಂಟಿಸುವ ನೋವಿನ ಪ್ಯಾಚು, ಇಂಜೆಕ್ಷನ್ನು ಯಾವುದೂ ಕೊನೆಕೊನೆಗೆ ನಾಟಲಿಲ್ಲ. ಕಾರ್ತಿಕ ಮಾಸದಲ್ಲಿ ಹೋದಳು.

ನಮ್ಮಲ್ಲಿ ಸುಡುವುದಿಲ್ಲ, ಮಣ್ಣು ಮಾಡುತ್ತಾರೆ. ನಾವು ಅಕ್ಕನನ್ನು ಕರೆದುಕೊಂಡು ಹೋಗುವಷ್ಟರಲ್ಲಿ ಗುಣಿ ತೋಡಿ ಮುಗಿಸಿದ್ದರು. ನಾನು ಅಂಚಿಗೆ ಹೋಗಿ ನೋಡಿದೆ. ಮೇಲೆ ಕಸ ಬೆರೆತ ಕಪ್ಪು ಮಣ್ಣು, ಆಮೇಲೆ ಕೆಂಪು ಮಣ್ಣು, ಅದರ ಕೆಳಗೆ ಪುಡಿಪುಡಿಯಾದ ಬಿಳಿಗಲ್ಲು. ಒಂದೊಂದರ ಗಡಿಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಆ ಹೊತ್ತಿನಲ್ಲೂ ನನ್ನ ಹಾಳು ತಲೆ, ಇದೆಲ್ಲ ಸೇರಿ ಭೂಕವಚದ ಮೇಲಿನ ಒಂದು ಗೀರೂ ಅಲ್ಲ, ಕೆಳಗೆ ಇನ್ನೂ ಎಷ್ಟು ಇದೆ ಅಂತ ಪಾಠ ಒಪ್ಪಿಸುತ್ತಿತ್ತು. ನಮ್ಮ ಪದ್ಧತಿಯಂತೆ ಅವಳನ್ನು ಗುಣಿಯೊಳಗೆ ಕೂರಿಸಿದರು. ವಿಭೂತಿ, ಬಿಲ್ವಪತ್ರೆ ಹಾಕಿದೆವು. ನನ್ನ ಸರದಿ ಮುಗಿಸಿ ಪಕ್ಕಕ್ಕೆ ಬಂದಾಗ ಅಣ್ಣ ಹತ್ತಿರ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದ:

"ನೀನು ಹೇಳ್ದೇ ಇದ್ದಿದ್ರೆ ಕೀಮೋ ತಗೋತಿದ್ಲು. ಇನ್ನೂ ಇರ್ತಿದ್ಲು. ನೀನೇ ಕಳಿಸಿಬಿಟ್ಟೆ."

ಅವನು ಈಗ ಶ್ರೀನಗರದ ಕಡೆ ಬರುವುದಿಲ್ಲ, ಫೋನು ಮಾಡಿದರೆ ಅತ್ತಿಗೆ ಎತ್ತುತ್ತಾಳೆ.

ಈ ವರ್ಷ ಪಾಠಕ್ಕೆ ಕಡುಬು ಇಲ್ಲ. ಹೋದ ವರ್ಷ ಬಾಗಿಲಲ್ಲಿ ಇಣುಕುತ್ತಿದ್ದ ಮಕ್ಕಳೇ ಈಗ ಎಂಟನೆಯ ತರಗತಿ. "ಮಿಸ್, ನಮ್ಮ ಕಡುಬು?" ಅಂತ ಕೇಳಿದವು. ಮಾಡುವವರು ಇಲ್ಲ ಅಂದೆ. ಬಣ್ಣದ ಸೀಮೆಸುಣ್ಣದಲ್ಲಿ ವೃತ್ತ ಬರೆದು ತೋರಿಸಿದೆ. ಮೋಹೋ ಅಂತ ಬರೆದು, ದೀರ್ಘದ ಕೆಳಗೆ ಗೆರೆ ಎಳೆದು, ಕೂಗಿಸಿದೆ. ಹೋದ ವಾರ ಪರೀಕ್ಷೆ ಆಯಿತು.

ಉತ್ತರಪತ್ರಿಕೆಗಳನ್ನು ಮನೆಗೆ ತಂದೆ. ಅಭ್ಯಾಸಬಲ, ಅದೇ ಹೊಸ್ತಿಲ ಪಕ್ಕ ಕುಳಿತೆ. ಮೂರನೆಯದೋ ನಾಲ್ಕನೆಯದೋ ಪತ್ರಿಕೆಯಲ್ಲಿ ಬಂತು: "ಭೂಕವಚ ಮತ್ತು ಮ್ಯಾಂಟಲ್ ನಡುವೆ ಮೋಹ ಇರುತ್ತದೆ." ಅಡುಗೆಮನೆಯ ಕಡೆ ತಿರುಗಿ ಜೋರಾಗಿಯೇ ಓದಿದೆ. ಸ್ವಲ್ಪ ಹೊತ್ತು ಕಾದೆ. ಇನ್ನೊಂದು ಸಲ ಓದಿದೆ.

ಕೊಡೇ ಅನ್ನಲು ಯಾರೂ ಇರಲಿಲ್ಲ. ಅರ್ಧ ಮಾರ್ಕು ಕತ್ತರಿಸಿ ಮುಂದಿನ ಪತ್ರಿಕೆ ತೆಗೆದುಕೊಂಡೆ.